ಸೋತ ಮೇಲೂ ವಿಂಬಲ್ಡನ್ ಆಡಿದ ಸೋಲಾನಾ ಸಿಯೆರಾ: ‘ಲಕ್ಕಿ ಲೂಸರ್’ ಅಂದರೆ ಯಾರು?

ಪ್ರಶ್ನೆ: “ಅರ್ಹತಾ ಸುತ್ತಿನಲ್ಲೇ ಸೋತ ಆಟಗಾರ್ತಿಗೆ ವಿಂಬಲ್ಡನ್‌ನಲ್ಲಿ ಮತ್ತೆ ಆಡಲು ಬಿಟ್ಟಿದ್ದು ಹೇಗೆ? ‘ಲಕ್ಕಿ ಲೂಸರ್’ ಅಂದರೆ ಸೋತವರಲ್ಲಿ ಯಾರಿಗೋ ಒಬ್ಬರಿಗೆ ಚೀಟಿ ಎತ್ತಿ ಕೊಡುವ ಜಾಗವೇ?”

ಚೀಟಿ ಎತ್ತುವುದು ನಿಜ. ಆದರೆ ಆ ಚೀಟಿಯಲ್ಲಿ ನಿಮ್ಮ ಹೆಸರು ಇರಬೇಕಾದರೆ ಅದಕ್ಕೆ ಮೊದಲು ಆಗಬೇಕಾದ ಕೆಲಸ ಬಹಳ ಇದೆ. ಅದನ್ನು ಹೇಳುವುದಕ್ಕೆ ಅರ್ಜೆಂಟೀನಾದ ಸೋಲಾನಾ ಸಿಯೆರಾ ಅವರ ಕತೆಗಿಂತ ಒಳ್ಳೆಯದು ಸಿಗಲಾರದು. 2025ರ ವಿಂಬಲ್ಡನ್‌ನಲ್ಲಿ ಅರ್ಹತಾ ಸುತ್ತಿನ ಕೊನೆಯ ಪಂದ್ಯ ಸೋತಿದ್ದ ಈ 21ರ ಹುಡುಗಿ, ಬೆಲ್ಜಿಯಂನ ಗ್ರೀಟ್ ಮಿನ್ನೆನ್ ಗಾಯದಿಂದ ಹಿಂದೆ ಸರಿದಾಗ ಅವರ ಜಾಗಕ್ಕೆ ಬಂದರು. ಬಂದವರು ಮೂರು ಪಂದ್ಯ ಗೆದ್ದು ಹದಿನಾರರ ಘಟ್ಟ ತಲುಪಿದರು. ವೃತ್ತಿಪರ ಆಟಗಾರರಿಗೂ ಬಾಗಿಲು ತೆರೆದ ಓಪನ್ ಯುಗ ಶುರುವಾದ 1968ರಿಂದ ಈಚೆಗೆ ವಿಂಬಲ್ಡನ್‌ನ ಮಹಿಳೆಯರ ಸಿಂಗಲ್ಸ್‌ನಲ್ಲಿ ಯಾವ ಲಕ್ಕಿ ಲೂಸರ್ ಕೂಡ ಅಷ್ಟು ದೂರ ಹೋಗಿರಲಿಲ್ಲ.

ಮೊದಲು ಜಾಗಗಳ ಲೆಕ್ಕ ನೋಡೋಣ. ವಿಂಬಲ್ಡನ್ ಸೇರಿದಂತೆ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳನ್ನು ಗ್ರ್ಯಾಂಡ್ ಸ್ಲಾಮ್ ಅನ್ನುತ್ತಾರೆ. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ ಇರುವುದು 128 ಜಾಗ. ಅದರಲ್ಲಿ 104 ಜಾಗ ರ‍್ಯಾಂಕಿಂಗ್ ಆಧಾರದ ಮೇಲೆ ನೇರವಾಗಿ ಸಿಗುತ್ತವೆ. 8 ಜಾಗವನ್ನು ಸಂಘಟಕರು ವೈಲ್ಡ್‌ಕಾರ್ಡ್ ಆಗಿ ತಮಗೆ ಬೇಕಾದವರಿಗೆ ಕೊಡಬಹುದು. ಉಳಿದ 16 ಜಾಗಕ್ಕೆ ಅರ್ಹತಾ ಸುತ್ತು.

ಇಲ್ಲಿ ಹಲವರು ಕೇಳುವ ಉಪಪ್ರಶ್ನೆ ಒಂದಿದೆ. ಸಿಯೆರಾ ಅವರ ವಿಶ್ವ ರ‍್ಯಾಂಕಿಂಗ್ ಆಗ 101. ನೇರ ಪ್ರವೇಶ 104 ಮಂದಿಗೆ ಇದ್ದ ಮೇಲೆ ಅವರು ಅರ್ಹತಾ ಸುತ್ತು ಆಡಿದ್ದೇಕೆ? ಉತ್ತರ ಕ್ಯಾಲೆಂಡರಿನಲ್ಲಿದೆ. ಪ್ರವೇಶದ ಪಟ್ಟಿ ತಯಾರಾಗುವುದು ಟೂರ್ನಿಗೆ ಸುಮಾರು ಆರು ವಾರ ಮೊದಲು, ಅವತ್ತಿನ ರ‍್ಯಾಂಕಿಂಗ್ ನೋಡಿ. ಅದರ ಜೊತೆಗೆ, ದೀರ್ಘಕಾಲ ಗಾಯಗೊಂಡು ಮರಳುವವರಿಗೆ ಹಳೆಯ ರ‍್ಯಾಂಕಿಂಗ್ ಕಾಯ್ದಿಟ್ಟು ಕೊಡುವ ವ್ಯವಸ್ಥೆಯೂ ಇರುವುದರಿಂದ ಅವರೂ ಕೆಲವು ಜಾಗ ತೆಗೆದುಕೊಳ್ಳುತ್ತಾರೆ. ವೇಗವಾಗಿ ಮೇಲೇರುತ್ತಿರುವ ಎಳೆಯರು ಈ ಆರು ವಾರದ ಸಂದಿಯಲ್ಲಿ ಸಿಕ್ಕಿಬೀಳುತ್ತಾರೆ. ಇವತ್ತಿನ ಆಟ ಮುಖ್ಯ ಸುತ್ತಿನದ್ದು, ಕೈಯಲ್ಲಿರುವ ಪ್ರವೇಶ ಮಾತ್ರ ಅರ್ಹತಾ ಸುತ್ತಿನದ್ದು.

ವಿಂಬಲ್ಡನ್‌ನ ಅರ್ಹತಾ ಸುತ್ತು ನಡೆಯುವುದು ಟಿವಿಯಲ್ಲಿ ನಾವು ನೋಡುವ ಆ ಅಂಕಣಗಳಲ್ಲಲ್ಲ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ರೋಹ್ಯಾಂಪ್ಟನ್‌ನಲ್ಲಿ. 128 ಆಟಗಾರ್ತಿಯರು, ಮೂರು ಸುತ್ತು. ಮೂರೂ ಗೆದ್ದ 16 ಮಂದಿ ಒಳಗೆ, ಮೂರನೆಯದರಲ್ಲಿ ಸೋತ 16 ಮಂದಿ ಹೊರಗೆ. ಲಕ್ಕಿ ಲೂಸರ್ ಹುಟ್ಟುವುದು ಸಾಮಾನ್ಯವಾಗಿ ಈ ಕೊನೆಯ 16ರಲ್ಲೇ. ಮೊದಲ ಸುತ್ತಿನಲ್ಲೇ ಸೋತವರಿಗೆ ಈ ಬಾಗಿಲು ತೆರೆಯುವುದು ತೀರಾ ಅಪರೂಪ.

ಮುಖ್ಯ ಸುತ್ತಿನ ಯಾರಾದರೂ ತಮ್ಮ ಮೊದಲ ಪಂದ್ಯ ಶುರುವಾಗುವ ಮೊದಲೇ ಹಿಂದೆ ಸರಿದರೆ ಆ ಜಾಗ ತುಂಬಬೇಕು. ಒಂದು ಕಾಲದಲ್ಲಿ ಆ 16 ಮಂದಿಯಲ್ಲಿ ಯಾರ ರ‍್ಯಾಂಕಿಂಗ್ ಮೇಲಿದೆಯೋ ಅವರಿಗೇ ಮೊದಲ ಕರೆ ಹೋಗುತ್ತಿತ್ತು. ನೋಡಲು ನ್ಯಾಯವಾದ ಕ್ರಮ. ಆದರೆ ಅದರೊಳಗೆ ಒಂದು ಬಿರುಕಿತ್ತು. ಜಾಗವೊಂದು ಆಗಲೇ ಖಾಲಿಯಾಗಿದೆ, ನನ್ನ ರ‍್ಯಾಂಕಿಂಗೇ ಎಲ್ಲರಿಗಿಂತ ಮೇಲಿದೆ ಅಂತ ಗೊತ್ತಿರುವ ಆಟಗಾರನಿಗೆ ಅರ್ಹತಾ ಸುತ್ತಿನ ಕೊನೆಯ ಪಂದ್ಯ ಸೋತರೂ ನಷ್ಟವಿಲ್ಲ. 2005ರ ವಿಂಬಲ್ಡನ್ ನಂತರ ಇದನ್ನು ಬದಲಿಸಿದರು. ಈಗ ಕೊನೆಯ ಸುತ್ತಿನಲ್ಲಿ ಸೋತವರ ಪೈಕಿ ರ‍್ಯಾಂಕಿಂಗ್‌ನಲ್ಲಿ ಮೇಲಿರುವ ನಾಲ್ವರ ಹೆಸರು ಹಾಕಿ ಚೀಟಿ ಎತ್ತುತ್ತಾರೆ. ಯಾರಿಗೆ ಮೊದಲ ಕರೆ, ಯಾರಿಗೆ ಎರಡನೆಯದು ಅನ್ನುವುದು ಆ ಚೀಟಿಯಿಂದ ತೀರ್ಮಾನ. ನೀವು ಕೇಳಿದ ಅದೃಷ್ಟ ಇರುವುದು ಇಷ್ಟೇ ಜಾಗದಲ್ಲಿ.

ಹೆಸರು ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಆಟಗಾರರು ದಿನಾ ಬೆಳಿಗ್ಗೆ ಆಟ ಶುರುವಾಗುವ ಮೊದಲೇ ಬಂದು ರೆಫರಿ ಕಚೇರಿಯ ಪಟ್ಟಿಯಲ್ಲಿ ಸಹಿ ಹಾಕಬೇಕು. ಕರೆದ ಕೆಲವೇ ನಿಮಿಷಗಳಲ್ಲಿ ಅಂಕಣಕ್ಕೆ ಇಳಿಯುವಂತೆ ಇರಬೇಕು. ಸಹಿ ಹಾಕದವರ ಜಾಗ ಪಟ್ಟಿಯಲ್ಲಿ ಅವರ ನಂತರದವರಿಗೆ ಹೋಗುತ್ತದೆ.

ಈ ಕಾಯುವಿಕೆ ಹೇಗಿರುತ್ತದೆ ಅಂತ ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಕಬ್ಬನ್ ಪಾರ್ಕಿನ ಅಂಕಣಗಳಲ್ಲಿ ದೊಡ್ಡ ಟೂರ್ನಿಗಳಿಗಿಂತ ಕೆಳಗಿನ ದರ್ಜೆಯ ಚಾಲೆಂಜರ್ ಟೂರ್ನಿ ನಡೆಯುತ್ತಿತ್ತು. ಮರದ ನೆರಳಿನ ಬೆಂಚಿನ ಮೇಲೆ ಹಿಂದಿನ ದಿನ ಸೋತಿದ್ದ ಒಬ್ಬ ಹುಡುಗ ಕೂತಿದ್ದ. ಶೂ ಲೇಸು ಬಿಗಿಯಾಗಿ ಕಟ್ಟಿತ್ತು, ಬೆವರು ಒರೆಸುವ ಪಟ್ಟಿ ಮಣಿಕಟ್ಟಿನಲ್ಲೇ ಇತ್ತು. ರ‍್ಯಾಕೆಟ್ಟಿನ ಹಿಡಿಗೆ ಸುತ್ತಿದ ಗ್ರಿಪ್ ಬಿಚ್ಚುವುದು, ಮತ್ತೆ ಸುತ್ತುವುದು, ಎದ್ದು ನಾಲ್ಕು ಹೆಜ್ಜೆ ಓಡುವುದು, ಬಂದು ಕೂರುವುದು. ರೆಫರಿ ಕೋಣೆಯ ಬಾಗಿಲು ಸದ್ದಾದಾಗೆಲ್ಲ ತಲೆ ಎತ್ತುತ್ತಿದ್ದ. ಸಂಜೆ ಮೊದಲ ಸುತ್ತಿನ ಕೊನೆಯ ಪಂದ್ಯದ ಮೊದಲ ಸರ್ವ್ ಆಯಿತು. ಅವನು ಲೇಸು ಸಡಿಲ ಮಾಡಿ, ಚೀಲದ ಜಿಪ್ ಎಳೆದು, ಯಾರ ಜೊತೆಗೂ ಮಾತಾಡದೆ ಗೇಟಿನ ಕಡೆ ನಡೆದ. ಅಂದಿನಿಂದ ‘ಲಕ್ಕಿ’ ಅನ್ನುವ ಪದ ಕೇಳಿದಾಗ ನನಗೆ ಮೊದಲು ನೆನಪಾಗುವುದು ಆ ಬೆಂಚು.

ಹಿಂದೆ ಸರಿಯುವವರು ಯಾಕೆ ಕೊನೆ ಗಳಿಗೆಯಲ್ಲಿ ಸರಿಯುತ್ತಾರೆ ಅನ್ನುವುದಕ್ಕೂ ಒಂದು ಹಿನ್ನೆಲೆ ಇದೆ. ಮೊದಲ ಸುತ್ತಿನಲ್ಲಿ ಸೋತರೂ ಸಿಗುವ ಹಣ ದೊಡ್ಡದು. 2025ರ ವಿಂಬಲ್ಡನ್‌ನಲ್ಲಿ ಅದು 66,000 ಪೌಂಡ್. ಹಾಗಾಗಿ ಮೊದಲೆಲ್ಲ ಗಾಯವಾದವರೂ ಹೇಗೋ ಅಂಕಣಕ್ಕೆ ಬಂದು, ನಾಲ್ಕು ಗೇಮ್ ಆಡಿ, ಕೈ ಎತ್ತಿ ಹೋಗುತ್ತಿದ್ದರು. 2017ರ ವಿಂಬಲ್ಡನ್‌ನಲ್ಲಿ ಒಂದೇ ದಿನ ಸೆಂಟರ್ ಕೋರ್ಟಿನಲ್ಲಿ ಫೆಡರರ್ ಮತ್ತು ಜೊಕೊವಿಚ್ ಇಬ್ಬರ ಎದುರಾಳಿಗಳೂ ಅರ್ಧಕ್ಕೇ ಬಿಟ್ಟು ಹೋದರು. ಮುಂದಿನ ವರ್ಷದಿಂದ ಗ್ರ್ಯಾಂಡ್ ಸ್ಲಾಮ್‌ಗಳು ನಿಯಮ ಬದಲಿಸಿದವು. ಟೂರ್ನಿಯ ಸ್ಥಳಕ್ಕೆ ಬಂದು, ಗಾಯದಿಂದ ಆಡಲಾಗದೆ ಸಮಯಕ್ಕೆ ಸರಿಯಾಗಿ ಹಿಂದೆ ಸರಿದವರಿಗೆ ಮೊದಲ ಸುತ್ತಿನ ಹಣದಲ್ಲಿ ಅರ್ಧ, ಅವರ ಜಾಗಕ್ಕೆ ಬರುವ ಲಕ್ಕಿ ಲೂಸರ್‌ಗೆ ಉಳಿದರ್ಧ. ಮುಂದೆ ಗೆದ್ದರೆ ಆ ಮೇಲಿನ ಹಣವೆಲ್ಲ ಗೆದ್ದವರದ್ದೇ. ನನ್ನ ಪ್ರಕಾರ ಟೆನಿಸ್‌ನಲ್ಲಿ ಇತ್ತೀಚೆಗೆ ಮಾಡಿದ ಅತ್ಯಂತ ಮಾನವೀಯ ನಿಯಮ ಇದು. ಗಾಯಗೊಂಡವರು ನೋವಿನಲ್ಲಿ ನಾಟಕವಾಡಬೇಕಿಲ್ಲ, ಬೆಂಚಿನ ಮೇಲೆ ಕಾಯುವವರಿಗೂ ದಾರಿ ತೆರೆಯುತ್ತದೆ.

ಈಗ ಸಿಯೆರಾ ಅವರ ಕಡೆ ಬರೋಣ. ಅವರ ಊರು ಮಾರ್ ದೆಲ್ ಪ್ಲಾಟಾ, ಬ್ಯೂನಸ್ ಐರಿಸ್‌ನಿಂದ ಸುಮಾರು 400 ಕಿಲೋಮೀಟರ್ ದಕ್ಷಿಣಕ್ಕೆ ಅಟ್ಲಾಂಟಿಕ್ ಕರಾವಳಿಯಲ್ಲಿರುವ ನಗರ. ಟೆನಿಸ್‌ನಲ್ಲಿ ಈ ಊರಿಗೆ ದೊಡ್ಡ ಹೆಸರಿದೆ. 1977ರಲ್ಲಿ ಫ್ರೆಂಚ್ ಓಪನ್ ಮತ್ತು ಯುಎಸ್ ಓಪನ್ ಎರಡನ್ನೂ ಗೆದ್ದ ಗಿಯೆರ್ಮೊ ವಿಲಾಸ್ ಬೆಳೆದದ್ದು ಇಲ್ಲೇ. 2024ರ ಮೇ ತಿಂಗಳಲ್ಲಿ ಡಬಲ್ಸ್ ನಂಬರ್ ಒನ್ ಆದ ಹೊರಾಸಿಯೊ ಸೆಬಾಯೊಸ್ ಕೂಡ ಇದೇ ಊರಿನವರು. (ಅದಕ್ಕೆ ಕೆಲವೇ ತಿಂಗಳ ಮೊದಲು, ಆಸ್ಟ್ರೇಲಿಯನ್ ಓಪನ್‌ನ ಎಂಟರ ಘಟ್ಟದಲ್ಲಿ ಅರ್ಜೆಂಟೀನಾದ ಗೊನ್ಸಾಲೆಸ್–ಮೊಲ್ಟೆನಿ ಜೋಡಿಯನ್ನು ಸೋಲಿಸಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ರ ವಯಸ್ಸಿನಲ್ಲಿ ಅದೇ ನಂಬರ್ ಒನ್ ಪಟ್ಟ ಖಚಿತ ಮಾಡಿಕೊಂಡಿದ್ದರು. ಆ ದಿನ ನಾವೆಲ್ಲ ಕುಣಿದದ್ದು ನೆನಪಿರಬೇಕು.)

ಅರ್ಜೆಂಟೀನಾದ ಮಕ್ಕಳು ಟೆನಿಸ್ ಕಲಿಯುವುದು ಕೆಂಪು ಅಂಕಣದಲ್ಲಿ. ಅಲ್ಲಿನ ಜನ ಅದನ್ನು ‘ಇಟ್ಟಿಗೆ ಪುಡಿ’ ಅಂತಲೇ ಕರೆಯುತ್ತಾರೆ. ಚೆಂಡು ಆ ಪುಡಿಗೆ ತಾಗಿ ವೇಗ ಕಳೆದುಕೊಂಡು ಎತ್ತರಕ್ಕೆ ಪುಟಿಯುತ್ತದೆ, ಹಿಂದೆ ಸರಿದು ತೋಳು ಬೀಸಲು ಸಮಯ ಸಿಗುತ್ತದೆ. ಹುಲ್ಲಿನಂಕಣದಲ್ಲಿ ಎಲ್ಲ ತಿರುವು ಮುರುವು. ಚೆಂಡು ಮೊಣಕಾಲಿಗಿಂತ ಕೆಳಗೆ ಜಾರಿ ಬರುತ್ತದೆ, ಬಾಗಿ ಆಡಬೇಕು, ಕಾಲು ಜಾರಿಸುವಂತಿಲ್ಲ. ಅರ್ಜೆಂಟೀನಾದಲ್ಲಿ ಹುಲ್ಲಿನಂಕಣ ಅಪರೂಪ.

2022ರ ಫ್ರೆಂಚ್ ಓಪನ್‌ನಲ್ಲಿ ಸಿಯೆರಾ ಬಾಲಕಿಯರ ಸಿಂಗಲ್ಸ್ ಫೈನಲ್ ತಲುಪಿ, ಜೆಕ್ ಗಣರಾಜ್ಯದ ಲೂಸಿ ಹಾವ್ಲಿಚ್ಕೊವಾ ಎದುರು ಸೋತರು. ಆಗ ಅವರಿಗೆ 17. ಜೂನಿಯರ್ ಫೈನಲ್ ಆಡಿದವರು ಮರುವರ್ಷವೇ ದೊಡ್ಡ ಟೂರ್ನಿಗಳಲ್ಲಿ ಮಿಂಚುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ವಾಸ್ತವ ಬೇರೆ. ಜೂನಿಯರ್ ಪಾಯಿಂಟುಗಳು ಅಲ್ಲೇ ಉಳಿಯುತ್ತವೆ. ವೃತ್ತಿಪರ ರ‍್ಯಾಂಕಿಂಗ್ ಏರಬೇಕಾದರೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಸಣ್ಣ ಟೂರ್ನಿಗಳಿಂದ ಹತ್ತಬೇಕು. ಅವುಗಳಲ್ಲಿ ಅತ್ಯಂತ ಕೆಳಗಿನ ದರ್ಜೆಯಲ್ಲಿ ಇಡೀ ಟೂರ್ನಿಯ ಬಹುಮಾನ ಸೇರಿಸಿದರೂ 15,000 ಡಾಲರ್. ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಸ್ಪೇನ್ ಅಥವಾ ಇಟಲಿಯ ಹುಡುಗಿ ರೈಲು ಹತ್ತಿ ಮುಂದಿನ ವಾರದ ಟೂರ್ನಿಗೆ ಹೋಗಬಹುದು. ಅರ್ಜೆಂಟೀನಾದವರಿಗೆ ಯುರೋಪ್ ಅಂದರೆ ಸಾಗರ ದಾಟುವ ವಿಮಾನ, ತಿಂಗಳುಗಟ್ಟಲೆ ಹೋಟೆಲು. ಹಾಗಾಗಿ 17ರಿಂದ 21ರವರೆಗಿನ ಆ ವರ್ಷಗಳನ್ನು ನಾನು ಯಾವ ಪದಕಕ್ಕಿಂತಲೂ ದೊಡ್ಡದಾಗಿ ಎಣಿಸುತ್ತೇನೆ. ರ‍್ಯಾಂಕಿಂಗ್ ನೂರರ ಹತ್ತಿರ ಬಂದಿದ್ದರಿಂದಲೇ ಚೀಟಿಯ ನಾಲ್ವರಲ್ಲಿ ಅವರೂ ಇರಲು ಸಾಧ್ಯವಾಯಿತು.

ಆ ವಿಂಬಲ್ಡನ್‌ಗೆ ಮೊದಲು ಸಿಯೆರಾ ಗ್ರ್ಯಾಂಡ್ ಸ್ಲಾಮ್ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಮೊದಲ ಸುತ್ತಿನಲ್ಲಿ ಆಸ್ಟ್ರೇಲಿಯಾದ ಒಲಿವಿಯಾ ಗಡೆಕಿ ಅವರನ್ನು ಸೋಲಿಸಿದರು. ಎರಡನೆಯ ಸುತ್ತಿನಲ್ಲಿ ಬ್ರಿಟನ್ನಿನ ಕೇಟಿ ಬೌಲ್ಟರ್. ಹಿಂದಿನ ಪಂದ್ಯದಲ್ಲಿ ಪೌಲಾ ಬಡೋಸಾ ಅವರನ್ನು ಮಣಿಸಿದ್ದ ಬೌಲ್ಟರ್‌ಗೆ ತವರಿನ ಪ್ರೇಕ್ಷಕರು ಪ್ರತಿ ಪಾಯಿಂಟಿಗೂ ಎದ್ದು ಚಪ್ಪಾಳೆ ಹೊಡೆಯುತ್ತಿದ್ದರು. ಮೊದಲ ಸೆಟ್ 6-6 ಸಮವಾಗಿ ಅದನ್ನು ತೀರ್ಮಾನಿಸುವ ಟೈಬ್ರೇಕ್‌ಗೆ ಹೋಯಿತು, ಸಿಯೆರಾ 7-9ರಿಂದ ಕಳೆದುಕೊಂಡರು. ಅಷ್ಟು ಹತ್ತಿರ ಬಂದು ಸೆಟ್ ಕೈತಪ್ಪಿದರೆ, ಅದೂ ಎದುರಾಳಿಯ ಊರಿನಲ್ಲಿ, ಅನುಭವಿಗಳೂ ಕುಸಿಯುತ್ತಾರೆ. ಸಿಯೆರಾ ಮುಂದಿನ ಎರಡು ಸೆಟ್‌ಗಳನ್ನು 6-2, 6-1ರಿಂದ ಗೆದ್ದರು. ಬೌಲ್ಟರ್ ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಳ್ಳುವುದು) ಮೇಲೆ ಡಬಲ್ ಫಾಲ್ಟ್ ಮಾಡಿದರು, ನಿಜ. ಆದರೆ ಪ್ರತಿ ಚೆಂಡನ್ನೂ ಮರಳಿಸುವವರು ಎದುರಿಗೆ ನಿಂತಾಗಲೇ ಸರ್ವ್ ಮಾಡುವವರ ಕೈ ನಡುಗುವುದು.

ಮೂರನೆಯ ಸುತ್ತಿನಲ್ಲಿ ಸ್ಪೇನ್‌ನ ಕ್ರಿಸ್ಟಿನಾ ಬುಕ್ಸಾ ವಿರುದ್ಧ 7-5, 1-6, 6-1. ಈ ಗೆಲುವಿನೊಂದಿಗೆ ಅವರು ವಿಂಬಲ್ಡನ್‌ನ ಹದಿನಾರರ ಘಟ್ಟ ತಲುಪಿದರು. ಅರ್ಜೆಂಟೀನಾದ ಮಹಿಳೆಯೊಬ್ಬರು ಅಲ್ಲಿಗೆ ಕೊನೆಯದಾಗಿ ಬಂದಿದ್ದು 2004ರಲ್ಲಿ. ಆ ವರ್ಷ ಪಾವೊಲಾ ಸುವಾರೆಸ್ ಎಂಟರ ಘಟ್ಟದವರೆಗೂ ಹೋಗಿದ್ದರು. ಸಿಯೆರಾ ಹುಟ್ಟಿದ್ದು ಅದೇ ವರ್ಷ, ಅದೇ ಜೂನ್ ತಿಂಗಳಲ್ಲಿ.

ನಾಲ್ಕನೆಯ ಸುತ್ತಿನಲ್ಲಿ ಜರ್ಮನಿಯ 37 ವರ್ಷದ ಲಾರಾ ಸೀಗೆಮಂಡ್ ಓಟಕ್ಕೆ ತಡೆ ಹಾಕಿದರು. ಡ್ರಾಪ್ ಶಾಟ್, ಸ್ಲೈಸ್, ನೆಟ್ ಬಳಿಯ ಚಾಣಾಕ್ಷತನ, ಎಲ್ಲ ಸೇರಿ 6-3, 6-2. ಹುಲ್ಲಿನ ಮೇಲೆ ಇನ್ನೂ ಕಲಿಯುವುದಿದೆ ಅಂತ ಆ ಪಂದ್ಯ ಸ್ಪಷ್ಟವಾಗಿ ತೋರಿಸಿತು.

ಅರ್ಹತಾ ಸುತ್ತು ಗೆದ್ದು ಬಂದವರನ್ನೂ ಲಕ್ಕಿ ಲೂಸರ್‌ಗಳನ್ನೂ ಒಂದೇ ಅಂತ ಕೆಲವರು ತಿಳಿಯುತ್ತಾರೆ. ಅದೂ ಬೇರೆ. 2020ರ ಫ್ರೆಂಚ್ ಓಪನ್‌ನಲ್ಲಿ ರೊಸಾರಿಯೊ ನಗರದ ನಾಡಿಯಾ ಪೊಡೊರೊಸ್ಕಾ ಅರ್ಹತಾ ಸುತ್ತಿನ ಮೂರು ಪಂದ್ಯಗಳನ್ನೂ ಗೆದ್ದು ಬಂದವರು. ಆಗ ಅವರ ರ‍್ಯಾಂಕಿಂಗ್ 131. ಮುಖ್ಯ ಸುತ್ತಿನಲ್ಲಿ ಮತ್ತೆ ಐದು ಗೆದ್ದು, ಮೂರನೇ ಶ್ರೇಯಾಂಕದ ಎಲಿನಾ ಸ್ವಿಟೋಲಿನಾ ಅವರನ್ನೂ ಮಣಿಸಿ, ಸೆಮಿಫೈನಲ್ ಮುಟ್ಟಿದರು. ಸಿಯೆರಾಗೆ ಐದು ವರ್ಷ ಮೊದಲು ಅದೇ ದೇಶದ ಹುಡುಗಿ ಹತ್ತಿ ತೋರಿಸಿದ ದಾರಿ ಅದು.

ಲಕ್ಕಿ ಲೂಸರ್ ಆಗಿ ಬಂದು ಪ್ರಶಸ್ತಿಯನ್ನೇ ಎತ್ತಿಕೊಂಡು ಹೋದವರೂ ಇದ್ದಾರೆ. ಅರ್ಜೆಂಟೀನಾದ ಲಿಯೊನಾರ್ಡೊ ಮಾಯೆರ್ 2017ರಲ್ಲಿ ಹ್ಯಾಂಬರ್ಗ್‌ನಲ್ಲಿ ಗೆದ್ದದ್ದು ಹಾಗೆ. ಅಮೆರಿಕದ ಕೋಕೊ ಗಾಫ್ ಮಹಿಳೆಯರ ವೃತ್ತಿಪರ ಸರಣಿಯಾದ ಡಬ್ಲ್ಯುಟಿಎಯಲ್ಲಿ ತಮ್ಮ ಮೊದಲ ಪ್ರಶಸ್ತಿ ಗೆದ್ದದ್ದೂ ಹಾಗೆಯೇ, 2019ರಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ, 15ನೇ ವಯಸ್ಸಿನಲ್ಲಿ.

ಸಿಯೆರಾಗೆ ಇದರಿಂದ ಏನು ಸಿಕ್ಕಿತು? ಆ ವರ್ಷ ವಿಂಬಲ್ಡನ್‌ನ ನಾಲ್ಕನೇ ಸುತ್ತಿಗೆ ನಿಗದಿಯಾಗಿದ್ದ ಹಣ 2,40,000 ಪೌಂಡ್, ಹೆಚ್ಚುಕಡಿಮೆ 2.8 ಕೋಟಿ ರೂಪಾಯಿ. ಕೋಚ್, ಫಿಸಿಯೊ, ಸಾಗರದಾಚೆಯ ಟಿಕೆಟ್ಟು ಎಲ್ಲಕ್ಕೂ ಲೆಕ್ಕ ಹಾಕಿ ಬದುಕುವ ಆಟಗಾರ್ತಿಗೆ ಅದು ಕೆಲವು ಸೀಸನ್‌ಗಳ ನೆಮ್ಮದಿ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ರ‍್ಯಾಂಕಿಂಗ್‌ಗೆ ಸೇರಿದ ಪಾಯಿಂಟುಗಳು. ಅವು 52 ವಾರ ಖಾತೆಯಲ್ಲಿ ಉಳಿಯುತ್ತವೆ. ವಿಂಬಲ್ಡನ್ ಮುಗಿದ ಸೋಮವಾರ ಹೊಸ ರ‍್ಯಾಂಕಿಂಗ್ ಬಂದಾಗ ಸಿಯೆರಾ ನೂರರೊಳಗಿದ್ದರು. ಯುಎಸ್ ಓಪನ್‌ಗೆ ಆಗ ಉಳಿದಿದ್ದುದು ಸುಮಾರು ಆರು ವಾರ. ಆ ಸಲ ಆರು ವಾರದ ಸಂದಿ ಅವರ ಕಡೆಗಿತ್ತು. ನ್ಯೂಯಾರ್ಕ್‌ನಲ್ಲಿ ಅವರು ಬೆಳಿಗ್ಗೆ ಎದ್ದು ರೆಫರಿ ಕಚೇರಿಯಲ್ಲಿ ಸಹಿ ಹಾಕಿ ಕಾಯಬೇಕಿರಲಿಲ್ಲ.