ಥೈರಾಯ್ಡ್ ಗಂಟು ತೆಗೆದರೆ ದನಿ ಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಡೊಂಬಿವಲಿ. ಅಮ್ಮನಿಗೆ 58 ವರ್ಷ. ಥೈರಾಯ್ಡಿನ ಬಲಗಡೆ ಗಂಟಾಗಿದೆ. ಆ ಬದಿಯ ಅರ್ಧ ಭಾಗ ತೆಗೆಯಬೇಕು ಎಂದಿದ್ದಾರೆ. ಒಪ್ಪಿಗೆ ಪತ್ರದಲ್ಲಿ ‘ದನಿ ಬದಲಾಗಬಹುದು’ ಎಂಬ ಸಾಲಿತ್ತು. ಅಮ್ಮ ಇಲ್ಲಿನ ಭಜನಾ ಮಂಡಳಿಯಲ್ಲಿ ಹಾಡುತ್ತಾರೆ. ಆ ಸಾಲು ಓದಿದ್ದೇ ‘ಗಂಟು ಇದ್ದರೆ ಇರಲಿ, ಆಪರೇಶನ್ ಬೇಡ’ ಎಂದು ಕೂತಿದ್ದಾರೆ. ಗಂಟು ತೆಗೆಯುವುದಕ್ಕೂ ದನಿಗೂ ಏನು ಸಂಬಂಧ?

ಉತ್ತರ: ಮುಂಬೈಯಲ್ಲಿ ಮಾಟುಂಗದಿಂದ ಮೀರಾ ರೋಡಿನವರೆಗೆ ನಮ್ಮ ಕನ್ನಡದವರು ತುಂಬ ಜನ ಕೇಳುವ ಪ್ರಶ್ನೆ ಇದು. ಹೆಚ್ಚಿನವರಿಗೆ ದನಿ ಹೋಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಥೈರಾಯ್ಡ್ ಗ್ರಂಥಿಗೆ ದನಿ ಹುಟ್ಟಿಸುವ ಕೆಲಸ ಇಲ್ಲವೇ ಇಲ್ಲ. ಆದರೆ ದನಿಪೆಟ್ಟಿಗೆಯನ್ನು ನಡೆಸುವ ನರಗಳು ಈ ಗ್ರಂಥಿಯನ್ನು ಸವರಿಕೊಂಡು ಹಾದುಹೋಗುತ್ತವೆ. ಒಪ್ಪಿಗೆ ಪತ್ರದ ಆ ಸಾಲು ಬಂದಿರುವುದು ಇದರಿಂದ.

ಕನ್ನಡಿ ಮುಂದೆ ನಿಂತು ಅಮ್ಮನಿಗೆ ಒಂದು ಗುಟುಕು ನೀರು ಕುಡಿಯಲು ಹೇಳಿ. ನುಂಗುವಾಗ ಗಂಟು ಮೇಲೆ ಹೋಗಿ ಕೆಳಗೆ ಬರುತ್ತದೆ, ಅಲ್ವಾ? ಡಾಕ್ಟರು ಲೋಟ ಕೈಗೆ ಕೊಟ್ಟು ಕುತ್ತಿಗೆಯನ್ನೇ ನೋಡುತ್ತಾ ನಿಲ್ಲುವುದು ಇದಕ್ಕೇ. ಥೈರಾಯ್ಡ್ ಒಂದು ತೆಳು ಪೊರೆಯೊಳಗೆ ಇದೆ. ಅಲ್ಲದೆ ಗಟ್ಟಿಯಾದ ಒಂದು ಪಟ್ಟಿ ಅದನ್ನು ದನಿಪೆಟ್ಟಿಗೆಗೂ ಶ್ವಾಸನಾಳಕ್ಕೂ ಬಿಗಿದಿದೆ. ಬೆರ್ರಿ ಲಿಗಮೆಂಟ್ ಎಂದು ಅದರ ಹೆಸರು. ದನಿಪೆಟ್ಟಿಗೆ ಮೇಲೆದ್ದರೆ ಗ್ರಂಥಿಯೂ ಏಳುತ್ತದೆ. ಈ ಪಟ್ಟಿಯ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕುತ್ತಿಗೆಯ ಒಳಭಾಗ ಪದರ ಪದರವಾಗಿದೆ. ಚರ್ಮ, ಅದರಡಿ ಹಾಳೆಯಂಥ ತೆಳು ಸ್ನಾಯು, ಆಮೇಲೆ ಉದ್ದಕ್ಕೆ ಇಳಿಯುವ ಪಟ್ಟಿ ಸ್ನಾಯುಗಳು, ಅವುಗಳ ಹಿಂದೆ ಥೈರಾಯ್ಡ್. ಥೈರಾಯ್ಡಿನ ಹಿಂದೆ ಶ್ವಾಸನಾಳ, ಅದರ ಹಿಂದೆ ಅನ್ನನಾಳ, ಎಲ್ಲಕ್ಕಿಂತ ಹಿಂದೆ ಬೆನ್ನುಮೂಳೆ. ಎರಡೂ ಪಕ್ಕದಲ್ಲಿ ಒಂದೊಂದು ಪೊರೆಯ ಕೊಳವೆ ಇದೆ. ಅದರೊಳಗೆ ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಅಪಧಮನಿ, ತಲೆಯಿಂದ ರಕ್ತ ಇಳಿಸುವ ಜುಗುಲರ್ ಅಭಿಧಮನಿ, ಇವೆರಡರ ನಡುವೆ ಹಿಂಬದಿಯಲ್ಲಿ ವೇಗಸ್ ನರ. ಇನ್ನೂ ಆಳದಲ್ಲಿ ಉಸಿರಾಟದ ಸ್ನಾಯುವಾದ ವಪೆಗೆ ಹೋಗುವ ನರ, ಕೈಗೆ ಹೋಗುವ ನರಗಳ ಜಾಲ ಎಲ್ಲ ಇವೆ. ನಿಮ್ಮ ಅಮ್ಮನ ಥರದ ಆಪರೇಶನ್‌ನಲ್ಲಿ ಸಾಮಾನ್ಯವಾಗಿ ಅಷ್ಟು ದೂರಕ್ಕೆ ಕೈ ಹೋಗುವುದಿಲ್ಲ. ಹಾಗಾಗಿ ಅವುಗಳ ಚಿಂತೆ ಬಿಡಿ.

ನಮ್ಮ ಕಥೆ ಇರುವುದು ವೇಗಸ್‌ನಲ್ಲಿ. ಅದು ಮೆದುಳಿನಿಂದ ಹೊರಡುವ ಹತ್ತನೇ ನರ. ದನಿಪೆಟ್ಟಿಗೆಯ ಸ್ನಾಯುಗಳಿಗೆ ಅಪ್ಪಣೆ ಹೋಗುವುದು ಇದರ ಕವಲುಗಳಿಂದ. ವೇಗಸ್ ದನಿಪೆಟ್ಟಿಗೆಯ ಪಕ್ಕದಲ್ಲೇ ಇಳಿಯುತ್ತದೆ. ಅಲ್ಲೇ ಒಂದು ಕವಲು ಕೊಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಮುಖ್ಯವಾದ ಕವಲು ಎದೆಯ ಕಡೆಗೆ ಇಳಿದು, ದೊಡ್ಡ ರಕ್ತನಾಳವೊಂದರ ಅಡಿಯಿಂದ ತಿರುಗಿ, ಮತ್ತೆ ಕುತ್ತಿಗೆಗೆ ಹತ್ತುತ್ತದೆ. ದಾದರ್‌ನಲ್ಲಿದ್ದವರು ಡೊಂಬಿವಲಿಗೆ ಹೋಗಲು ಮೊದಲು ಉಲ್ಟಾ, ಲೋಕಲ್ ಗಾಡಿ ಹೊರಡುವ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಿ, ಅದೇ ಗಾಡಿಯಲ್ಲಿ ಸೀಟು ಹಿಡಿದು ವಾಪಸ್ ಬರುತ್ತಾರಲ್ಲ, ಹಾಗೆ. ಹಿಂತಿರುಗಿ ಬರುವುದರಿಂದಲೇ ಇದನ್ನು ರಿಕರೆಂಟ್ ಲ್ಯಾರಿಂಜಿಯಲ್ ನರ ಎನ್ನುತ್ತಾರೆ. ಎಡಗಡೆಯದು ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನ ಅಡಿಯಿಂದ ತಿರುಗುತ್ತದೆ. ಬಲಗಡೆಯದು ಅಷ್ಟು ಕೆಳಗೆ ಇಳಿಯುವುದಿಲ್ಲ. ಬಲಗೈಗೆ ಹೋಗುವ ಸಬ್‌ಕ್ಲೇವಿಯನ್ ಅಪಧಮನಿಯ ಹತ್ತಿರವೇ ತಿರುಗಿ ಬರುತ್ತದೆ.

ಇದು ಯಾಕೆ ಹೀಗೆ? ಗರ್ಭದಲ್ಲಿ ಮಗುವಿಗೆ ಇನ್ನೂ ಕುತ್ತಿಗೆ ಎಂಬುದೇ ಇಲ್ಲದ ವಾರಗಳಲ್ಲಿ ಹೃದಯ ಗಂಟಲಿಗೆ ತೀರಾ ಹತ್ತಿರ ಇರುತ್ತದೆ. ಆಗ ಈ ನರ ಹೃದಯದಿಂದ ಹೊರಟ ಕಮಾನು ರಕ್ತನಾಳಗಳ ಅಡಿಯಿಂದ ದನಿಪೆಟ್ಟಿಗೆಗೆ ನೇರವಾಗಿಯೇ ಹೋಗಿರುತ್ತದೆ. ಆಮೇಲೆ ಕುತ್ತಿಗೆ ಬೆಳೆಯುತ್ತದೆ, ಹೃದಯ ಎದೆಗೆ ಇಳಿಯುತ್ತದೆ. ಕಮಾನಿಗೆ ಸಿಕ್ಕಿಕೊಂಡ ನರ ಅದರ ಜೊತೆ ಕೆಳಗೆ ಎಳೆದುಹೋಗುತ್ತದೆ. ಬಲಗಡೆ ಕೆಳಗಿನ ಕಮಾನುಗಳು ಕರಗಿಹೋಗುತ್ತವೆ. ಅದಕ್ಕೆ ಅಲ್ಲಿ ನರ ಮೇಲೆಯೇ ಉಳಿಯುತ್ತದೆ. ಕುತ್ತಿಗೆ ಇಲ್ಲದ ಮೀನಿನಲ್ಲಿ ಇದೇ ನರ ನೆಟ್ಟಗೆ ಹೋಗುತ್ತದೆ. ಜಿರಾಫೆಯಲ್ಲಿ ಹಲವು ಮೀಟರ್ ಸುತ್ತಿಬರುತ್ತದೆ. ಅಂಗರಚನೆಯಲ್ಲಿ ನನಗೆ ಇಷ್ಟೊಂದು ಬೆರಗು ಹುಟ್ಟಿಸುವ ಸಂಗತಿ ಬೇರೆ ಇಲ್ಲ. ನಮ್ಮ ಒಂದೊಂದು ಮಾತಿನ ಅಪ್ಪಣೆಯೂ ಎದೆಯ ದಾರಿ ಸುತ್ತಿ ಗಂಟಲಿಗೆ ಬರುತ್ತದೆ.

ಈ ನರಕ್ಕೂ ದನಿಗೂ ಇರುವ ನಂಟು ಹೊಸ ಶೋಧವಲ್ಲ. ಎರಡನೇ ಶತಮಾನದಲ್ಲಿ ರೋಮ್‌ನಲ್ಲಿದ್ದ ವೈದ್ಯ ಗ್ಯಾಲೆನ್ ಕಿರುಚುತ್ತಿದ್ದ ಹಂದಿಯ ಈ ನರಗಳನ್ನು ಎಲ್ಲರೆದುರು ಕತ್ತರಿಸಿ ತೋರಿಸಿದ್ದ. ದನಿ ಅಲ್ಲಿಗೇ ನಿಂತುಹೋಗಿತ್ತು.

ಈಗ ಅಪಾಯದ ಜಾಗಕ್ಕೆ ಬರೋಣ. ನರ ಮೇಲೆ ಹತ್ತುವಾಗ ಶ್ವಾಸನಾಳ ಮತ್ತು ಅನ್ನನಾಳದ ನಡುವಿನ ಸಂದಿನಲ್ಲಿ, ಥೈರಾಯ್ಡಿನ ಬೆನ್ನಿಗೆ ತಾಗಿಕೊಂಡು ಬರುತ್ತದೆ. ದಪ್ಪ ಎರಡು ಮಿಲಿಮೀಟರ್ ಆಸುಪಾಸು. ದಾರಿಯಲ್ಲಿ ಥೈರಾಯ್ಡಿಗೆ ರಕ್ತ ತರುವ ಒಂದು ಅಪಧಮನಿ ಅಡ್ಡ ಸಿಗುತ್ತದೆ. ಕೆಲವರಲ್ಲಿ ನರ ಅದರ ಮುಂದೆ ಹೋಗುತ್ತದೆ, ಕೆಲವರಲ್ಲಿ ಹಿಂದೆ, ಕೆಲವರಲ್ಲಿ ಅದರ ಕವಲುಗಳ ನಡುವೆ. ಕೊನೆಗೆ ದನಿಪೆಟ್ಟಿಗೆಯೊಳಗೆ ನುಗ್ಗುವ ಮೊದಲು ಬೆರ್ರಿ ಲಿಗಮೆಂಟಿಗೆ ಒತ್ತಿಕೊಂಡೇ ಇರುತ್ತದೆ. ಗ್ರಂಥಿ ಬಿಡಿಸಬೇಕಾದರೆ ಆ ಪಟ್ಟಿಯನ್ನು ಕತ್ತರಿಸಲೇಬೇಕು. ಪೆಟ್ಟು ಬೀಳುವುದು ಜಾಸ್ತಿ ಇಲ್ಲೇ. ಕತ್ತರಿ ತಾಗಿಯೇ ಆಗಬೇಕೆಂದಿಲ್ಲ. ಗ್ರಂಥಿಯನ್ನು ಮುಂದಕ್ಕೆ ಎಳೆಯುವಾಗ ನರವೂ ಜಗ್ಗಿ ನೋಯಬಹುದು. ರಕ್ತ ನಿಲ್ಲಿಸುವ ಉಪಕರಣದ ಬಿಸಿ ತಾಗಬಹುದು.

ನಿಮ್ಮ ಅಮ್ಮನ ಗಂಟು ಬಲಗಡೆ ಇರುವುದರಿಂದ ಇನ್ನೊಂದು ಮಾತು. ನೂರಕ್ಕೆ ಒಬ್ಬರಲ್ಲೋ ಅದಕ್ಕೂ ಕಡಿಮೆ ಜನರಲ್ಲೋ ಬಲಗಡೆಯ ನರ ಸುತ್ತು ಹಾಕುವುದೇ ಇಲ್ಲ. ವೇಗಸ್‌ನಿಂದ ನೇರ ಅಡ್ಡಕ್ಕೆ ಬಂದು ದನಿಪೆಟ್ಟಿಗೆ ಸೇರುತ್ತದೆ. ಇದು ಗೊತ್ತಿರುವ ಸರ್ಜನ್ ಸಂದಿನಲ್ಲಿ ನರ ಕಾಣಲಿಲ್ಲವೆಂದರೆ ಇಲ್ಲ ಎಂದುಕೊಳ್ಳುವುದಿಲ್ಲ, ಅಡ್ಡದಾರಿಯಲ್ಲಿ ಹುಡುಕುತ್ತಾರೆ.

ಒಂದು ಕಡೆಯ ನರ ಕೆಲಸ ಬಿಟ್ಟರೆ ಆ ಬದಿಯ ಸ್ವರತಂತು ಅಲುಗಾಡುವುದಿಲ್ಲ. ಎರಡು ತಂತುಗಳು ನಡುವೆ ಬಂದು ಕೂಡಿದಾಗಲೇ ದನಿ. ಒಂದು ಬಾರದೆ ನಿಂತರೆ ಸಂದಿನಿಂದ ಗಾಳಿ ಸೋರುತ್ತದೆ. ದನಿ ಒಡಕಾಗುತ್ತದೆ, ಗಾಳಿ ಗಾಳಿಯಾಗುತ್ತದೆ. ನೀರು ಕುಡಿದರೆ ಕೆಮ್ಮು ಬರುತ್ತದೆ. ನಾಲ್ಕು ಮಾತಾಡುವಷ್ಟರಲ್ಲಿ ಸುಸ್ತು. ಎರಡೂ ಕಡೆ ಹೋದರೆ ವಿಷಯ ಬೇರೆ. ಆಗ ತಂತುಗಳು ತೆರೆಯದೆ ಉಸಿರಿಗೇ ಕಷ್ಟವಾಗುತ್ತದೆ, ಕುತ್ತಿಗೆಯಲ್ಲಿ ತೂತು ಮಾಡಿ ನಳಿಕೆ ಇಡಬೇಕಾಗಬಹುದು. ಪೂರ್ತಿ ಗ್ರಂಥಿ ತೆಗೆಯುವವರಿಗೆ ಇರುವ ಭಯ ಅದು. ಅಮ್ಮನಿಗೆ ಒಂದೇ ಬದಿ ತೆಗೆಯುವುದರಿಂದ, ಎಡಗಡೆಯ ತಂತು ಈಗ ಚೆನ್ನಾಗಿ ಆಡುತ್ತಿದ್ದರೆ ಆ ಅಪಾಯ ಇಲ್ಲ.

ಆದರೆ ಹಾಡುವವರಿಗೆ ನಾನು ಒತ್ತಿ ಹೇಳಬೇಕಾದದ್ದು ಇನ್ನೊಂದು ನರದ ಬಗ್ಗೆ. ದನಿಪೆಟ್ಟಿಗೆಯ ಮುಂಭಾಗದಲ್ಲಿ ಕ್ರೈಕೋಥೈರಾಯ್ಡ್ ಎಂಬ ಸ್ನಾಯು ಇದೆ. ಅದು ಬಿಗಿದಾಗ ಸ್ವರತಂತು ಉದ್ದಕ್ಕೆ ಜಗ್ಗುತ್ತದೆ, ಶ್ರುತಿ ಏರುತ್ತದೆ. ದನಿಪೆಟ್ಟಿಗೆಯ ಉಳಿದೆಲ್ಲ ಒಳಸ್ನಾಯುಗಳನ್ನು ನಡೆಸುವುದು ಸುತ್ತಿಬರುವ ನರ. ಇದೊಂದನ್ನು ಮಾತ್ರ ಮೇಲಿನಿಂದ ಬರುವ ಬೇರೆ ಕವಲು ನಡೆಸುತ್ತದೆ. ಅದು ಥೈರಾಯ್ಡಿನ ಮೇಲ್ತುದಿಯಲ್ಲಿ, ಅಲ್ಲಿಗೆ ಬರುವ ರಕ್ತನಾಳದ ಜೊತೆಜೊತೆಗೇ ಇಳಿಯುತ್ತದೆ. ಆ ರಕ್ತನಾಳಕ್ಕೆ ಗಂಟು ಹಾಕುವಾಗ ಈ ಸಣ್ಣ ನರವೂ ಸಿಕ್ಕಿಕೊಳ್ಳಬಹುದು. ಹಾಗಾದರೆ ಮಾತು ಸರಿಯಾಗಿಯೇ ಇರುತ್ತದೆ. ಮನೆಯವರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಭಜನೆಗೆ ಕೂತು ತಾರಸ್ಥಾಯಿಗೆ ಹೋದಾಗ ದನಿ ಏರುವುದಿಲ್ಲ, ದೂರಕ್ಕೆ ಕೂಗಿದರೆ ಕೇಳುವುದಿಲ್ಲ. ಮಾತು ಚೆನ್ನಾಗಿದೆ ಎಂಬ ಕಾರಣಕ್ಕೆ ಈ ದೂರನ್ನು ಸುಮ್ನೆ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹಾಡುವವರಿಗೆ ಅದು ಸಣ್ಣ ನಷ್ಟವಲ್ಲ.

ಅದಕ್ಕೇ ಅಮ್ಮ ಹಾಡುತ್ತಾರೆ ಎಂಬುದನ್ನು ಸರ್ಜನ್‌ಗೆ ಬಾಯಿಬಿಟ್ಟು ಹೇಳಿ. ಸ್ತ್ರೀಯರು, ಅದರಲ್ಲೂ ನಮ್ಮ ಕಡೆಯ ಹಿರಿಯರು, ‘ನಾನೇನು ದೊಡ್ಡ ಗಾಯಕಿಯೇ’ ಎಂದು ಹೇಳದೆ ಉಳಿದುಬಿಡುತ್ತಾರೆ. ಆಪರೇಶನ್‌ಗೆ ಮೊದಲು ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ ಸ್ವರತಂತುಗಳನ್ನು ನೋಡಿಸಿ. ಕೆಲವೇ ನಿಮಿಷಗಳ ಕೆಲಸ. ಕೆಲವರಲ್ಲಿ ಒಂದು ತಂತು ಮೊದಲೇ ನಿಂತಿರುತ್ತದೆ, ಇನ್ನೊಂದು ಸರಿದೂಗಿಸಿಕೊಂಡು ದನಿ ಚೆನ್ನಾಗಿಯೇ ಇರುತ್ತದೆ. ಅಂಥವರಲ್ಲಿ ಒಳ್ಳೆಯ ಬದಿಯ ನರಕ್ಕೆ ಪೆಟ್ಟಾದರೆ ಗತಿಯೇನು? ಅಮ್ಮನ ಒಂದು ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಮುಂದೆ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಹಾಗೆಯೇ ಸೂಜಿ ಪರೀಕ್ಷೆಯ ವರದಿ ಏನು ಹೇಳುತ್ತದೆ ಎಂದು ಕೇಳಿ. ಥೈರಾಯ್ಡ್ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಎಲ್ಲಕ್ಕೂ ಆಪರೇಶನ್ ಬೇಕಿಲ್ಲ. ಆದರೆ ಬೇಕು ಎಂದಿದ್ದರೆ ದನಿಯ ಭಯಕ್ಕೆ ಮುಂದೂಡಬೇಡಿ. ಕ್ಯಾನ್ಸರ್ ಗಂಟು ಬೆಳೆದು ಇದೇ ನರವನ್ನು ತಾನೇ ತಿಂದುಹಾಕಬಹುದು.

19ನೇ ಶತಮಾನದಲ್ಲಿ ಗಳಗಂಡದ ಆಪರೇಶನ್ ಎಂದರೆ ಜೀವಕ್ಕೇ ಕುತ್ತು. ಸ್ವಿಟ್ಜರ್‌ಲ್ಯಾಂಡ್‌ನ ಬರ್ನ್‌ನಲ್ಲಿದ್ದ ಥಿಯೊಡರ್ ಕೋಹರ್ ರಕ್ತ ಚೆಲ್ಲದಂತೆ ನಿಧಾನವಾಗಿ, ಒಂದೊಂದನ್ನೂ ಬಿಡಿಸಿ ನೋಡುತ್ತಾ ಮಾಡುವ ಪದ್ಧತಿ ತಂದರು. ಥೈರಾಯ್ಡ್ ಕುರಿತ ಕೆಲಸಕ್ಕೆ 1909ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ನರ ಉಳಿಸುವ ಮುಖ್ಯ ಉಪಾಯ ಇದು: ಮೊದಲು ನರವನ್ನು ಕಣ್ಣಾರೆ ಹುಡುಕಿ, ಆಮೇಲೆ ಗ್ರಂಥಿ ಬಿಡಿಸುವುದು. ಈಗ ನರ ಗುರುತಿಸುವ ಯಂತ್ರವೂ ಇದೆ. ಸಲಾಕೆ ನರಕ್ಕೆ ತಾಗಿದರೆ ಸದ್ದು ಮಾಡುತ್ತದೆ. ಒಳ್ಳೆಯದೇ, ಆದರೆ ನುರಿತ ಕಣ್ಣಿಗೆ ಅದು ಬದಲಿ ಅಲ್ಲ. ಅನುಭವಿ ಕೈಯಲ್ಲಿ ಶಾಶ್ವತ ತೊಂದರೆ ಉಳಿಯುವುದು ನೂರಕ್ಕೆ ಒಬ್ಬಿಬ್ಬರಲ್ಲಿ. ವಾರಗಳಲ್ಲೋ ತಿಂಗಳುಗಳಲ್ಲೋ ಸರಿಯಾಗುವ ತಾತ್ಕಾಲಿಕ ತೊಂದರೆ ಅದಕ್ಕಿಂತ ಜಾಸ್ತಿ ಜನರಲ್ಲಿ ಕಾಣುತ್ತದೆ.

ಆಪರೇಶನ್ ಮರುದಿನವೇ ದನಿ ಗೊಗ್ಗರಾಗಿದ್ದರೆ ಗಾಬರಿಯಾಗಬೇಡಿ. ಅರಿವಳಿಕೆಗೆ ಗಂಟಲಲ್ಲಿ ಇಳಿಸಿದ ನಳಿಕೆಯ ಉಜ್ಜಾಟಕ್ಕೂ ಹಾಗಾಗುತ್ತದೆ. ಕೆಲವು ದಿನಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಮತ್ತೆ ಕ್ಯಾಮೆರಾ ಇಳಿಸಿ ನೋಡಬೇಕು. ನರ ಬರೀ ಜಗ್ಗಿದ್ದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ದನಿ ಚಿಕಿತ್ಸೆ ಶುರುಮಾಡಿಸಿ, ಕಾಯುತ್ತಾ ಕೂರಬೇಡಿ. ಅಷ್ಟಾಗಿಯೂ ತಂತು ಏಳದಿದ್ದರೆ ಅದನ್ನು ನಡುವಿಗೆ ಸರಿಸುವ ಆಪರೇಶನ್ ಇದೆ. ಜಪಾನಿನ ನೊಬುಹಿಕೊ ಇಶ್ಶಿಕಿ 1974ರಲ್ಲಿ ವಿವರಿಸಿದ ಪದ್ಧತಿ. ಅದರಿಂದ ಮಾತಿನ ದನಿ ಚೆನ್ನಾಗಿ ಮರಳುತ್ತದೆ. ಹಾಡಿನ ದನಿ ಪೂರ್ತಿ ಮರಳುತ್ತದೆ ಎಂದು ಯಾರೂ ಮಾತು ಕೊಡಲಾರರು.

ಇದೇ ನರದ ದಾರಿಯಿಂದ ಇನ್ನೊಂದು ಅನುಮಾನವೂ ಬಗೆಹರಿಯುತ್ತದೆ. ‘ದನಿ ಒಡೆದಿದೆ ಎಂದು ಹೋದರೆ ಎದೆಯ ಸ್ಕ್ಯಾನ್ ಬರೆದರು, ದುಡ್ಡು ಮಾಡುವ ದಾರಿ’ ಎಂದು ಸಿಟ್ಟಾಗುವವರಿದ್ದಾರೆ. ಎಡ ಸ್ವರತಂತು ನಿಂತಿದ್ದರೆ ಆ ಸ್ಕ್ಯಾನ್ ಬೇಕೇ ಬೇಕು. ನರ ಸುತ್ತಿಬರುವ ಮಹಾಪಧಮನಿಯ ಅಡಿಯಲ್ಲೇ ಶ್ವಾಸಕೋಶದ ಕ್ಯಾನ್ಸರಿನ ಗಡ್ಡೆಗಳು ಕೂರುತ್ತವೆ. ಹೃದಯದ ಕವಾಟ ಕಿರಿದಾಗಿ ಎಡ ಕೋಣೆ ಉಬ್ಬಿದರೂ ನರ ಒತ್ತಿಹೋಗಬಹುದು. 1897ರಲ್ಲೇ ನಾರ್ಬರ್ಟ್ ಆರ್ಟ್ನರ್ ಇದನ್ನು ಬರೆದಿಟ್ಟರು. ಬೀಡಿ, ಸಿಗರೇಟು, ಗುಟ್ಕಾ ಇರುವವರು ದನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ ಕಷಾಯ ಕುಡಿಯುತ್ತಾ ಇರಬಾರದು, ಗಂಟಲು ತೋರಿಸಬೇಕು. ಸ್ಕ್ಯಾನಿನಲ್ಲಿ ಏನೂ ಸಿಗದವರೂ ಇದ್ದಾರೆ. ಅವರಲ್ಲಿ ಕೆಲವರಿಗೆ ವರ್ಷದೊಳಗೆ ನರ ತಾನಾಗಿಯೇ ಎಚ್ಚರಗೊಳ್ಳುತ್ತದೆ. ಆದ್ದರಿಂದ ಅಂಥವರಿಗೆ ಶಾಶ್ವತ ಆಪರೇಶನ್‌ಗೆ ಸಾಮಾನ್ಯವಾಗಿ ಅವಸರ ಮಾಡುವುದಿಲ್ಲ.