ವಾಲ್ಟರ್ ಕ್ರಾಂಕೈಟ್: ಯಾರು ಹೇಳಿದ್ದು, ಎಷ್ಟು ಖಚಿತ?

ಟಿವಿ ಪತ್ರಿಕೋದ್ಯಮದ ಪಾಠ ಅಂದ ಕೂಡಲೇ ನಾವು ಧ್ವನಿ, ಉಚ್ಚಾರಣೆ, ಕ್ಯಾಮೆರಾ ಮುಂದೆ ಕೂರುವ ರೀತಿ ಇವುಗಳಿಗೇ ಗಂಟುಬೀಳುತ್ತೇವೆ. ಅಮೆರಿಕದ ಸಿಬಿಎಸ್ ವಾಹಿನಿಯ ವಾರ್ತಾ ವಾಚಕ ವಾಲ್ಟರ್ ಕ್ರಾಂಕೈಟ್ ಅವರನ್ನು ಓದುವಾಗ ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಅವರನ್ನು ರೂಪಿಸಿದ್ದು ಸ್ಟುಡಿಯೊ ಅಲ್ಲ, ಪತ್ರಿಕೆಗಳಿಗೆ ಸುದ್ದಿ ಒದಗಿಸುವ ಸುದ್ದಿಸಂಸ್ಥೆ.

1916ರಲ್ಲಿ ಮಿಸ್ಸೌರಿಯ ಸೇಂಟ್ ಜೋಸೆಫ್‌ನಲ್ಲಿ ಹುಟ್ಟಿದ ಅವರು ಟೆಕ್ಸಾಸ್ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೇ ಬಿಟ್ಟು ವರದಿಗಾರಿಕೆಗೆ ಇಳಿದರು. 1937ರಲ್ಲಿ ಯುನೈಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ ಸೇರಿದರು. ಸುದ್ದಿಸಂಸ್ಥೆಯಲ್ಲಿ ವೇಗವೂ ಬೇಕು, ಪ್ರತಿ ಸಾಲಿಗೂ ಮೂಲವೂ ಬೇಕು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ ಕೂತು ಜರ್ಮನಿಯ ಮೇಲೆ ಹಾರಿದರು, 1944ರಲ್ಲಿ ಸೈನಿಕರ ಜೊತೆ ಗ್ಲೈಡರ್‌ನಲ್ಲಿ (ಎಂಜಿನ್ ಇಲ್ಲದ ವಿಮಾನ) ನೆದರ್ಲೆಂಡ್ಸ್‌ಗೆ ಇಳಿದರು. ಬಳಿಕ ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯ ವರದಿ, ಆಮೇಲೆ ಮಾಸ್ಕೋದಲ್ಲಿ ವರದಿಗಾರಿಕೆ. ಸಿಬಿಎಸ್‌ಗೆ ಬಂದದ್ದು 1950ರಲ್ಲಿ. 1962ರಲ್ಲಿ ಸಂಜೆಯ ವಾರ್ತೆ ಅವರ ಕೈಗೆ ಬಂತು. ಹದಿನೈದು ನಿಮಿಷದ ಆ ವಾರ್ತೆ ಮರುವರ್ಷ ಅರ್ಧ ಗಂಟೆಯಾಯಿತು. ಅವರು ಬರೀ ವಾಚಕರಲ್ಲ, ಆ ವಾರ್ತೆಯ ವ್ಯವಸ್ಥಾಪಕ ಸಂಪಾದಕರೂ ಹೌದು ಎಂಬುದನ್ನು ಗುರುತು ಹಾಕಿಕೊಳ್ಳಿ.

ಈಗ 22 ನವೆಂಬರ್ 1963. ಈ ಒಂದು ಗಂಟೆಯ ದೃಶ್ಯವನ್ನು ಪೂರ್ತಿ ನೋಡಿ, ತುಣುಕು ಸಾಲದು. ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯವರ ಮೇಲೆ ಗುಂಡಿನ ದಾಳಿ. ಮೊದಲ ಪ್ರಕಟಣೆಗೆ ಚಿತ್ರವೇ ಇಲ್ಲ, ಬರೀ ಧ್ವನಿ. ಆ ಕಾಲದ ಸ್ಟುಡಿಯೊ ಕ್ಯಾಮೆರಾ ಬಿಸಿಯಾಗಲು ಸಮಯ ಬೇಕಿತ್ತು. ಆಮೇಲೆ ಸಾವಿನ ಸುದ್ದಿ ಒಂದೊಂದೇ ಕಡೆಯಿಂದ ಬರುತ್ತದೆ. ತಮ್ಮದೇ ವರದಿಗಾರ ಡ್ಯಾನ್ ರಾದರ್ ಕಡೆಯಿಂದ ಬಂದಾಗಲೂ ಅದನ್ನು ಅವರ ವರದಿ ಎಂದೇ ಹೇಳುತ್ತಾರೆ, ಅಧಿಕೃತ ದೃಢೀಕರಣ ಇನ್ನೂ ಇಲ್ಲ ಎನ್ನುತ್ತಾರೆ. ನ್ಯೂಯಾರ್ಕ್ ಸಮಯ ಮಧ್ಯಾಹ್ನ 2.38ಕ್ಕೆ ಕೈಗೆ ಸಾವಿನ ಸುದ್ದಿಯ ಚೀಟಿ ಬರುತ್ತದೆ. ಕನ್ನಡಕ ಹಾಕಿಕೊಂಡು ಓದುತ್ತಾರೆ. ಅಲ್ಲಿಯೂ ‘ಅಧಿಕೃತವೆಂದು ತೋರುತ್ತದೆ’ ಎಂಬ ಮಾತು ಬಿಡುವುದಿಲ್ಲ. ಕನ್ನಡಕ ತೆಗೆದು ಗಡಿಯಾರ ನೋಡಿ, ಡಲ್ಲಾಸ್‌ನ ಒಂದು ಗಂಟೆ ಅಂದರೆ ಇಲ್ಲಿಯ ಎರಡು ಗಂಟೆ, ಸುಮಾರು 38 ನಿಮಿಷದ ಹಿಂದೆ ಎಂದು ಲೆಕ್ಕ ಹೇಳುತ್ತಾರೆ. ಗಂಟಲು ಕಟ್ಟುತ್ತದೆ, ಉಗುಳು ನುಂಗುತ್ತಾರೆ. ತಕ್ಷಣದ ಮುಂದಿನ ವಾಕ್ಯ: ಉಪಾಧ್ಯಕ್ಷ ಜಾನ್ಸನ್ ಆಸ್ಪತ್ರೆಯಿಂದ ಹೊರಟಿದ್ದಾರೆ, ಎಲ್ಲಿಗೆಂದು ನಮಗೆ ಗೊತ್ತಿಲ್ಲ. ಎಲ್ಲರೂ ಅವರ ಕಣ್ಣೀರಿನ ಬಗ್ಗೆ ಬರೆಯುತ್ತಾರೆ. ನನಗೆ ಆ ‘ಗೊತ್ತಿಲ್ಲ’ ಎಂಬ ಮಾತೇ ದೊಡ್ಡದು.

1968ರ ವಿಯೆಟ್ನಾಂ ವರದಿಯನ್ನೂ ಇದೇ ಕಣ್ಣಿನಿಂದ ಓದಿ. ಕಮ್ಯುನಿಸ್ಟ್ ಪಡೆಗಳು ದಕ್ಷಿಣ ವಿಯೆಟ್ನಾಂ ಮೇಲೆ ನಡೆಸಿದ ಟೆಟ್ ದಾಳಿಯ ನಂತರ ತಾವೇ ಅಲ್ಲಿಗೆ ಹೋಗಿ ಬಂದು, ಫೆಬ್ರುವರಿ 27ರ ವಿಶೇಷ ಕಾರ್ಯಕ್ರಮದಲ್ಲಿ ಯುದ್ಧ ಯಾರೂ ಗೆಲ್ಲದ ಸ್ಥಿತಿಗೆ ಬಂದಿದೆ, ಮಾತುಕತೆಯೇ ದಾರಿ ಎಂದರು. ಹೇಳುವ ಮೊದಲು, ಇದು ನನ್ನ ವೈಯಕ್ತಿಕ ಅಭಿಪ್ರಾಯ ಎಂದು ನೋಡುಗರಿಗೆ ಸ್ಪಷ್ಟಪಡಿಸಿದರು. ಅಭಿಪ್ರಾಯವನ್ನು ಸುದ್ದಿಯ ಒಳಗೆ ತುರುಕಲಿಲ್ಲ.

ಪರೀಕ್ಷೆಗೆ ಒಂದು ಎಚ್ಚರಿಕೆ. ಆ ಕಾರ್ಯಕ್ರಮ ನೋಡಿದ ಅಧ್ಯಕ್ಷ ಜಾನ್ಸನ್ ‘ಕ್ರಾಂಕೈಟ್ ಕೈತಪ್ಪಿದರೆ ದೇಶವೇ ಕೈತಪ್ಪಿದಂತೆ’ ಎಂದು ಉದ್ಗರಿಸಿದರು ಎಂಬ ಕಥೆ ಬಹಳ ಪುಸ್ತಕಗಳಲ್ಲಿದೆ. ಪ್ರಸಾರದ ಹೊತ್ತಿಗೆ ಜಾನ್ಸನ್ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಗವರ್ನರ್ ಕಾನಲಿಯವರ ಹುಟ್ಟುಹಬ್ಬದಲ್ಲಿದ್ದರು, ಆ ಮಾತಿಗೆ ಗಟ್ಟಿ ದಾಖಲೆಯೂ ಇಲ್ಲ. ಉತ್ತರದಲ್ಲಿ ಬರೆಯಲೇಬೇಕೆಂದರೆ ‘ಎಂದು ಹೇಳಲಾಗುತ್ತದೆ’ ಎಂದು ಸೇರಿಸಿ.