ನದಿಗೆ ತಿರುವು, ಬೆಟ್ಟಕ್ಕೆ ತೂಕ: ಒಂದು ಚಿತ್ರವನ್ನು ಓದಿ ಕಲಿತದ್ದು

ನದಿಯೂ ಬೆಟ್ಟವೂ ಒಟ್ಟಿಗೆ ಕಂಡಾಗ ನಾವು ಕಲಿಯುವವರು ಮೊದಲು ಬೆಟ್ಟಕ್ಕೇ ಕ್ಯಾಮೆರಾ ಹಿಡಿಯುತ್ತೇವೆ. ನದಿ ಹೇಗೂ ಬರುತ್ತದೆ ಅಂದುಕೊಳ್ಳುತ್ತೇವೆ. ಮನೆಗೆ ಬಂದು ನೋಡಿದರೆ ಅದು ದಾರದೆಳೆಯಷ್ಟು ಸಣ್ಣಗೆ ಎಲ್ಲೋ ಮಲಗಿರುತ್ತದೆ. ನನ್ನ ಮಟ್ಟಿಗೆ ಇಂಥ ಚಿತ್ರದ ಅಸಲು ಕೆಲಸ ನದಿಯದ್ದು. ಕಣ್ಣನ್ನು ಬೆಟ್ಟದ ಬುಡದವರೆಗೆ ನಡೆಸಿಕೊಂಡು ಹೋಗುವುದು ಅದೇ.

ಇದನ್ನು ನನಗೆ ತಿಳಿಸಿಕೊಟ್ಟದ್ದು ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1942ರಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರ. ಅಮೆರಿಕದ ವಯೋಮಿಂಗ್ ರಾಜ್ಯದ ಟೀಟಾನ್ ಬೆಟ್ಟಸಾಲು, ಅದರ ಮುಂದೆ ಹರಿಯುವ ಸ್ನೇಕ್ ನದಿ. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಅಮೆರಿಕದ ಆಂತರಿಕ ಇಲಾಖೆ ತನ್ನ ಕಟ್ಟಡದ ಗೋಡೆಗಳಿಗೆ ದೊಡ್ಡ ಚಿತ್ರಗಳು ಬೇಕೆಂದು ಆಡಮ್ಸ್ ಅವರಿಗೆ ಒಪ್ಪಿಸಿದ್ದ ಕೆಲಸದ ಭಾಗ ಇದು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಹೋದ, ಭೂಮಿಯ ಧ್ವನಿ-ಚಿತ್ರಗಳನ್ನು ತುಂಬಿದ ಚಿನ್ನದ ಲೇಪದ ತಟ್ಟೆಯಲ್ಲೂ ಇದೇ ಚಿತ್ರವಿದೆ. ಅದನ್ನು ಎದುರಿಗಿಟ್ಟುಕೊಂಡು ಮುಂದೆ ಓದಿ.

ಮೊದಲು ಅವರು ನಿಂತ ಜಾಗವನ್ನು ಗಮನಿಸಿ. ನದಿ ದಂಡೆಯಲ್ಲಲ್ಲ, ಕಣಿವೆಯನ್ನು ಕೆಳಗೆ ನೋಡುವ ಎತ್ತರದ ದಿಬ್ಬದ ಮೇಲೆ. ದಂಡೆಯಲ್ಲಿ ನಿಂತರೆ ಎಷ್ಟೇ ಬಳುಕುವ ನದಿಯೂ ಚಪ್ಪಟೆ ಪಟ್ಟಿಯಾಗುತ್ತದೆ, ತಿರುವುಗಳು ಒಂದರ ಹಿಂದೊಂದು ಅವಿತುಬಿಡುತ್ತವೆ. ಮೇಲೇರಿದಂತೆ ಅವು ಬಿಚ್ಚಿಕೊಳ್ಳುತ್ತವೆ. ಹಾಗಂತ ತೀರಾ ಮೇಲೇರಿದರೂ ನಷ್ಟವಿದೆ. ನೀರನ್ನು ಓರೆಯಾಗಿ ನೋಡಿದಷ್ಟೂ ಅದು ಆಕಾಶವನ್ನು ಹೆಚ್ಚು ಪ್ರತಿಫಲಿಸುತ್ತದೆ. ನೇರ ಮೇಲಿನಿಂದ ನೋಡಿದರೆ ಹೊಳಪು ಇಳಿದು ತಳದ ಬಣ್ಣ ಕಾಣತೊಡಗುತ್ತದೆ. ತಿರುವೂ ಬೇಕು, ಹೊಳಪೂ ಬೇಕು. ಎರಡೂ ಸಿಗುವ ಎತ್ತರವನ್ನು ಕಾಲಿನಿಂದಲೇ ಹುಡುಕಬೇಕು. ಇವತ್ತು ಅದೇ ಜಾಗಕ್ಕೆ ಹೋದವರಿಗೆ ಆ ಚಿತ್ರ ಸಿಗುವುದಿಲ್ಲ, ನಡುವೆ ಮರಗಳು ಬೆಳೆದು ತಿರುವನ್ನು ಮರೆಮಾಡಿವೆ.

ಈಗ ಹೊಳಪಿನ ಮಾತು. ಆ ಚಿತ್ರದಲ್ಲಿ ನದಿ ಎದ್ದು ಕಾಣುವುದು ಸುತ್ತಲಿನ ಮರಗಳು ಕಪ್ಪಗಿರುವುದರಿಂದ. ಪೋಲರೈಸರ್ ಫಿಲ್ಟರ್ ಹಾಕಿದರೆ ನೀರು ಚೆನ್ನಾಗಿ ಬರುತ್ತದೆ ಎಂದು ನಾನೂ ನಂಬಿದ್ದೆ. ಅದು ಪ್ರತಿಫಲನವನ್ನು ತಗ್ಗಿಸುವ ಸಾಧನ. ತಿಳಿನೀರಿನ ತಳದ ಕಲ್ಲು ತೋರಿಸಬೇಕಿದ್ದರೆ ಸರಿ. ಹೊಳಪನ್ನೇ ನಂಬಿದ ಚಿತ್ರದಲ್ಲಿ ಅದು ನದಿಯನ್ನೇ ಅಳಿಸಿಬಿಡುತ್ತದೆ.

ಲೆನ್ಸ್ ಬಗ್ಗೆ ಒಂದೇ ಮಾತು. ಫೋನಿನ ಮಾಮೂಲಿ ಕ್ಯಾಮೆರಾ ಅಗಲ ನೋಟದ್ದು, ಅದರಲ್ಲಿ ದೂರದ ಬೆಟ್ಟ ಕುಗ್ಗುತ್ತದೆ. 2 ಅಥವಾ 3 ಪಟ್ಟಿನ ಲೆನ್ಸ್ ಇದ್ದರೆ ಅದಕ್ಕೆ ಬದಲಾಯಿಸಿ, ಅಗತ್ಯವಿದ್ದಷ್ಟು ಹಿಂದೆ ಸರಿಯಿರಿ. ಬೆಟ್ಟಕ್ಕೆ ತೂಕ ಬರುತ್ತದೆ.

ಬೆಳಕಿನ ಅಳತೆ ಹೆಚ್ಚು ಸಮಯ ಕೊಟ್ಟು ಕಲಿಯಬೇಕಾದ ಭಾಗ. ಆಡಮ್ಸ್ ಮತ್ತು ಇನ್ನೊಬ್ಬ ಛಾಯಾಗ್ರಾಹಕ ಫ್ರೆಡ್ ಆರ್ಚರ್ ಸೇರಿ 1940ರ ಆಸುಪಾಸಿನಲ್ಲಿ ರೂಪಿಸಿದ ಜೋನ್ ಪದ್ಧತಿಯಲ್ಲಿ ಕಪ್ಪಿನಿಂದ ಬಿಳಿಯವರೆಗೆ 0ಯಿಂದ 10ರ ತನಕ 11 ಮೆಟ್ಟಿಲುಗಳು. ಒಂದು ಮೆಟ್ಟಿಲು ಏರಿದರೆ ಬೆಳಕು ಎರಡು ಪಟ್ಟು. 5 ಎಂದರೆ ನಡುಬೂದು. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ಈ ನಡುಬೂದಿಗೇ ಎಳೆಯುತ್ತದೆ. ಹಾಗಾಗಿ ಹಿಮ ಮಾಸಲಾಗುತ್ತದೆ, ಕಪ್ಪು ಕಾಡು ತೆಳುವಾಗುತ್ತದೆ. ಕಾಡು 2–3ರಲ್ಲಿ, ಬಿಸಿಲು ಬಿದ್ದ ಹಿಮ 7–8ರಲ್ಲಿ ಇರಲಿ ಎಂದು ನಾವೇ ನಿರ್ಧರಿಸಬೇಕು. ಫಿಲ್ಮಿನಲ್ಲಿ ನೆರಳಿಗೆ ತಕ್ಕಂತೆ ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಕೊಡುತ್ತಿದ್ದರು. ಡಿಜಿಟಲ್‌ನಲ್ಲಿ ಉಲ್ಟಾ: ನೀರಿನ ಹೊಳಪು ಪೂರಾ ಬಿಳಿಯಾಗಿ ಸುಟ್ಟುಹೋದರೆ ಮತ್ತೆ ತರಲಾಗದು, ನೆರಳನ್ನು ಮಾತ್ರ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಿಂದ ಎತ್ತಬಹುದು.

ಇದನ್ನೆಲ್ಲ ನಾನು ಪ್ರಯೋಗ ಮಾಡಿದ್ದು ಹಂಪಿಯ ಮತಂಗ ಬೆಟ್ಟದ ಮೇಲೆ. ಕೆಳಗೆ ಅಚ್ಯುತರಾಯ ದೇವಾಲಯ, ಅದರಾಚೆ ತುಂಗಭದ್ರೆ, ಸುತ್ತ ಹೆಬ್ಬಂಡೆಗಳ ಗುಡ್ಡಗಳು. ಅಲ್ಲಿ ನೀರಿನ ಮಟ್ಟ ಮೇಲಿನ ಅಣೆಕಟ್ಟಿನಿಂದ ಎಷ್ಟು ಬಿಡುತ್ತಾರೆ ಎಂಬುದನ್ನು ಅವಲಂಬಿಸಿದೆ. ಮೊದಲ ಸಲ ಬೇಸಿಗೆಯಲ್ಲಿ ಹೋಗಿದ್ದೆ. ಹೊಳೆಯ ತುಂಬ ಬಂಡೆ, ನೀರು ತುಂಡು ತುಂಡು, ಕಣ್ಣಿಗೆ ಹಿಡಿದು ನಡೆಯಲು ಗೆರೆಯೇ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ಮತ್ತೆ ಹೋದೆ. ಸೂರ್ಯ ಏಳುವ ಮೊದಲೇ ಈಶಾನ್ಯಕ್ಕೆ ಮುಖ ಮಾಡಿ ಕೂತೆ. ಆಕಾಶ ಬೆಳಗಾಗಿತ್ತು, ಗುಡ್ಡಗಳಿನ್ನೂ ಕತ್ತಲಲ್ಲಿದ್ದವು. ಆ ಹತ್ತು ನಿಮಿಷ ನದಿ ಬೆಳ್ಳಿಯ ಗೆರೆಯಾಗಿತ್ತು. ಬಿಸಿಲು ಬಂಡೆಗಳ ಮೇಲೆ ಬಿದ್ದದ್ದೇ ಅವೂ ಬೆಳಗಿ ನದಿ ಅವುಗಳಲ್ಲಿ ಬೆರೆತುಹೋಯಿತು.

ತಿದ್ದುವಾಗ ಇಡೀ ಚಿತ್ರದ ಕಾಂಟ್ರಾಸ್ಟ್ ಏರಿಸುವ ಅಭ್ಯಾಸ ಬಿಟ್ಟಿದ್ದೇನೆ. ಡಾರ್ಕ್‌ರೂಮಿನಲ್ಲಿ, ಬೆಳಕು ಬಿದ್ದಷ್ಟೂ ಕಪ್ಪಾಗುವ ಕಾಗದಕ್ಕೆ ಚಿತ್ರ ಇಳಿಸುವಾಗ, ಕೈ ಅಡ್ಡ ಹಿಡಿದು ಒಂದು ಭಾಗವನ್ನು ತಿಳಿಯಾಗಿಸುವುದು ಡಾಡ್ಜಿಂಗ್, ಹೆಚ್ಚು ಬೆಳಕು ಬಿಟ್ಟು ಕಪ್ಪಾಗಿಸುವುದು ಬರ್ನಿಂಗ್. ಈಗ ಅದೇ ಕೆಲಸಕ್ಕೆ, ಆಯ್ದ ಭಾಗವನ್ನಷ್ಟೇ ತಿದ್ದಲು ಬಿಡುವ ಮಾಸ್ಕ್ ಇದೆ. ಚಿತ್ರವನ್ನು ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿದೆ. ಕಣ್ಣು ನದಿಗೆ ಹೋಗುವ ಬದಲು ಎಡಮೂಲೆಯ ಬೆಳ್ಳನೆಯ ಬಂಡೆಗೆ ಹೋಗುತ್ತಿತ್ತು. ಅದನ್ನು ಕಾಲು ಸ್ಟಾಪ್‌ನಂತೆ (ಒಂದು ಸ್ಟಾಪ್ ಎಂದರೆ ಬೆಳಕಿನ ಒಂದು ಮೆಟ್ಟಿಲು) ಮೂರು ಸಲ ಕಪ್ಪಾಗಿಸಿದೆ, ದಡದ ಬಾಳೆತೋಟಗಳನ್ನೂ ಸ್ವಲ್ಪ ಇಳಿಸಿದೆ. ನದಿಯನ್ನು ಮುಟ್ಟಲಿಲ್ಲ, ಆದರೂ ಅದು ಮೊದಲಿಗಿಂತ ಬೆಳ್ಳಗೆ ಕಂಡಿತು. ದೂರದ ಗುಡ್ಡಗಳ ನೀಲಿ ಮಬ್ಬನ್ನು ತೆಗೆಯುವ ಡಿಹೇಜ್ ಪಟ್ಟಿಯನ್ನು ಮೊದಲು 40ಕ್ಕೆ ಎಳೆದಿದ್ದೆ. ಗುಡ್ಡದಂಚಿಗೆ ಬಿಳಿ ಗೆರೆ ಮೂಡಿತು, ಹಿಂದಿನ ಗುಡ್ಡ ಮುಂದಿನದಕ್ಕೆ ಅಂಟಿಕೊಂಡಿತು. ಮಬ್ಬೇ ಅವುಗಳ ನಡುವಿನ ದೂರ ಹೇಳುತ್ತಿತ್ತು. ಪಟ್ಟಿಯನ್ನು 8ಕ್ಕೆ ಇಳಿಸಿ ಅಲ್ಲಿಗೇ ಬಿಟ್ಟೆ.